ಅರಿವಿನ ಕೊರತೆ ಯಾರಿಗೆ?

ಮಗಳು ಎಂಪಿಎಚ್ ಓದುತ್ತಿದ್ದಾಳೆ ಎಂದರೆ ನೆಂಟರಿಷ್ಟರ ಮೊದಲ ಪ್ರಶ್ನೆ, ‘ಹಾಗಾದರೆ ಡಾಕ್ಟರಾ?’ ಅಲ್ಲ ಎಂದರೆ, ‘ಮತ್ತೆ ನರ್ಸಾ?’ ಅದೂ ಅಲ್ಲ ಎಂದಮೇಲೆ ಮಾತು ಮಳೆ-ಬೆಳೆಯ ಕಡೆಗೆ ಹೊರಳುತ್ತದೆ. ಸಾರ್ವಜನಿಕ ಆರೋಗ್ಯವೆಂಬ ವಿದ್ಯೆಯ ಪಾಡೇ ಇದು. ಒಬ್ಬ ರೋಗಿಯ ನಾಡಿ ಹಿಡಿಯುವುದು ವೈದ್ಯರ ಕೆಲಸ. ಒಂದು ಊರಿಗೆ ಊರೇ ಏಕೆ ಕಾಯಿಲೆ ಬೀಳುತ್ತದೆ, ಬೀಳದಂತೆ ಏನು ಮಾಡಬಹುದು ಎಂದು ನೋಡುವುದು ಈ ವಿದ್ಯೆಯ ಕೆಲಸ.

ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಲ್ಲಿ ಈ ಸ್ನಾತಕೋತ್ತರ ಕೋರ್ಸ್ ಶುರುವಾದಾಗ ನಮ್ಮ ದೇಶದಲ್ಲಿ ಅದು ಅಪರೂಪದ ಓದು. ಈಗ ಕರ್ನಾಟಕದಲ್ಲಿಯೂ ಹಲವು ಕಡೆ ಇದೆ. ವೈದ್ಯಕೀಯ ಓದಿದವರ ಜೊತೆಗೆ ವಿಜ್ಞಾನ, ಸಮಾಜಕಾರ್ಯ ಓದಿದವರೂ ಸೇರುತ್ತಾರೆ. ಎರಡು ವರ್ಷದ ಓದಿನಲ್ಲಿ ಕೆಲವು ವಾರಗಳ ಕ್ಷೇತ್ರಕಾರ್ಯವಿರುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಫೀಲ್ಡ್’. ಅನೇಕ ತಂದೆತಾಯಂದಿರ ಕಣ್ಣಲ್ಲಿ ಅದು ಅಲೆದಾಟ.

ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಮುಂದೆ ಇಂಥ ಹೊತ್ತಿನಲ್ಲಿ ಎರಡು ದಾರಿಗಳಿದ್ದವು. ಒಂದು, ನಗರದ ಕಚೇರಿಯೊಂದರಲ್ಲಿ ಕುಳಿತು ಯಾರೋ ತಂದುಕೊಟ್ಟ ಅಂಕಿಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು. ಕೊನೆಗೆ ಚೆಂದದ ಪ್ರಮಾಣಪತ್ರ. ಇನ್ನೊಂದು, ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಂಟು ವಾರ. ಅವಳು ಎರಡನೆಯದನ್ನು ಆರಿಸಿಕೊಂಡಾಗ ಮನೆಯಲ್ಲಿ ಮೌನ ಕವಿಯಿತು. ಅವಳ ತಂದೆ ಕಷ್ಟಪಟ್ಟು ಹಳ್ಳಿ ಬಿಟ್ಟು ಬಂದವರು. ‘ಸಾಲ ಮಾಡಿ ಓದಿಸಿದ್ದು ಮತ್ತೆ ಹಳ್ಳಿಗೇ ಕಳಿಸೋಕಾ?’ ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

ಅವಳ ಕಿರುಪ್ರಬಂಧದ ವಿಷಯ ಆಗಲೇ ನಿಗದಿಯಾಗಿತ್ತು: ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಗರ್ಭಿಣಿಯರಲ್ಲಿ ಅರಿವಿನ ಕೊರತೆ. ನಮ್ಮ ನಿಯಮದ ಪ್ರಕಾರ ಗರ್ಭಿಣಿಗೆ ಕಡಿಮೆಯೆಂದರೂ 180 ಮಾತ್ರೆ ಕೊಡಬೇಕು. ಕೊಟ್ಟ ಲೆಕ್ಕ ದಾಖಲೆಯಲ್ಲಿರುತ್ತದೆ. ಆದರೂ ರಕ್ತಹೀನತೆ ಹೋಗುವುದಿಲ್ಲ. ಹಾಗಿದ್ದರೆ ಹೆಂಗಸರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ತಿನ್ನುವುದಿಲ್ಲ – ಇದು ಗ್ರಂಥಾಲಯದಲ್ಲಿ ಕುಳಿತು ಕಟ್ಟಿದ ತರ್ಕ. ನಲವತ್ತು ಪ್ರಶ್ನೆಗಳ ಪ್ರಶ್ನಾವಳಿಯೂ ಅದೇ ತರ್ಕದ ಮೇಲೆ ತಯಾರಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಬೇರೊಂದು ಪ್ರಶ್ನೆಗೆ. ‘ಮನೆಯಲ್ಲಿ ಶೌಚಾಲಯ ಇದೆಯೇ?’ ಎಲ್ಲರೂ ಇದೆ ಎಂದರು. ಅವಳು ಗುರುತು ಹಾಕಿಕೊಂಡಳು. ಜೊತೆಗಿದ್ದ ಆಶಾ ಕಾರ್ಯಕರ್ತೆ ನಕ್ಕು, ‘ಬಾಗಿಲು ತೆಗೆದು ನೋಡಮ್ಮ’ ಎಂದರು. ಒಳಗೆ ಸೌದೆ, ಒಡೆದ ಡ್ರಮ್ಮು, ಕೋಳಿ ಮುಚ್ಚುವ ಬುಟ್ಟಿ. ಮನೆಯ ಅಜ್ಜಿ ಸಂಕೋಚವಿಲ್ಲದೆ ಹೇಳಿತು: ‘ಕುಡಿಯೋ ನೀರೇ ಎರಡು ದಿನಕ್ಕೊಂದ್ಸಲ ಬಿಡ್ತಾರೆ. ಇದಕ್ಕೆ ಎಲ್ಲಿಂದ ಸುರಿಯೋದು ಮಗ?’ ಕಾಗದದ ಮೇಲಿನ ಉತ್ತರ ಸುಳ್ಳಾಗಿರಲಿಲ್ಲ. ಪ್ರಶ್ನೆಯೇ ಅರ್ಧ ದಾರಿಯಲ್ಲಿ ನಿಂತಿತ್ತು.

ಮುಂದಿನ ಒಂದು ವಾರ ಅವಳು ಪ್ರಶ್ನಾವಳಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಕಡಲೆಕಾಯಿ ಕೀಳುವ ಕಾಲ. ಬೆಳಿಗ್ಗೆ ಎಂಟರ ಮೇಲೆ ಮನೆಗಳಿಗೆ ಬೀಗ. ಸಂಜೆ ಕಾಯಿ ಬಿಡಿಸುವವರ ನಡುವೆ ಕುಳಿತು ತಾನೂ ಬಿಡಿಸಿದಳು. ಅಲ್ಲೇ ಆರು ತಿಂಗಳ ಬಸುರಿಯೊಬ್ಬಳು ಹೇಳಿದಳು: ‘ರಕ್ತ ಆಗ್ಲಿ ಅಂತ ಕೊಡೋ ಮಾತ್ರೆ ಅಂತ ಗೊತ್ತಿಲ್ವಾ ಅಕ್ಕ? ಬೆಳಿಗ್ಗೆ ತಿಂದ್ರೆ ವಾಕರಿಕೆ ಬರ್ತದೆ. ಹೊಲದಲ್ಲಿ ಬಗ್ಗಿ ಕೆಲಸ ಮಾಡೋಕಾಗಲ್ಲ. ಅರ್ಧ ದಿನ ಬಿಟ್ರೆ ಅರ್ಧ ಕೂಲಿ ಹೋಯ್ತು.’ ಇನ್ನೊಬ್ಬಳು ಮಲ ಕಪ್ಪಾದದ್ದು ಕಂಡು ಹೆದರಿ ನಿಲ್ಲಿಸಿದ್ದಳು. ಕಬ್ಬಿಣಾಂಶದಿಂದ ಹಾಗಾಗುವುದು ಸಹಜ ಎಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮತ್ತೊಬ್ಬಳು ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಸೇರಿಸಿ, ಚಹಾದ ಜೊತೆ ನುಂಗುತ್ತಿದ್ದಳು. ಚಹಾ ಮತ್ತು ಕ್ಯಾಲ್ಸಿಯಂ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆ ಕೊಟ್ಟವರಿಗೆ ಇದು ಗೊತ್ತು. ಆದರೆ ತಾಯಿ ಕಾರ್ಡು ತುಂಬಿ, ತೂಕ ನೋಡಿ, ಸಾಲಿನಲ್ಲಿರುವ ಮುಂದಿನವಳನ್ನು ಕರೆಯುವ ಅವಸರದಲ್ಲಿ ಹೇಳಲು ಹೊತ್ತೆಲ್ಲಿ? ಅರಿವಿನ ಕೊರತೆ ಎಂಬ ಮಾತು ಹೆಂಗಸರ ತಲೆಗೆ ಕಟ್ಟಿದ ತಪ್ಪಾಗಿತ್ತು.

ಇದೇ ತುಮಕೂರು ಜಿಲ್ಲೆ ಅರವತ್ತು ವರ್ಷಗಳಿಗೂ ಹಿಂದೆ ಇದೇ ಪಾಠವನ್ನು ದೊಡ್ಡ ಮಟ್ಟದಲ್ಲಿ ಕಲಿಸಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಕ್ಷಯವನ್ನು ಲೆಕ್ಕಿಸುವುದಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ಗಾಡಿ ಕಳಿಸಿ ಹುಡುಕಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಸಂಸ್ಥೆಯ ದೇಬಬಾರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಜಿಲ್ಲೆಯ ಕ್ಷಯರೋಗಿಗಳ ಮಾತನ್ನು ಕೇಳುವ ಅಧ್ಯಯನ ಮಾಡಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಚಿಕಿತ್ಸೆಗೆಂದು ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಬಾಟಲಿ. ಬಂದವರ ಕಫವನ್ನು ಊರ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕೆಂಬ ವಿಚಾರಕ್ಕೆ ಇಂಥ ಅಧ್ಯಯನಗಳು ಬುನಾದಿಯಾದವು. ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಇಂದು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರುವುದರ ಹಿಂದೆ ಆ ವಿಚಾರವೂ ಇದೆ.

ಈ ವಿದ್ಯೆಯ ಚರಿತ್ರೆಯೇ ನಡೆದಾಟದ ಚರಿತ್ರೆ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸತ್ತವರ ಪಟ್ಟಿ ಹಿಡಿದು, ಯಾರು ಯಾವ ನೀರು ಕುಡಿಯುತ್ತಿದ್ದರು ಎಂದು ಮನೆಮನೆ ವಿಚಾರಿಸಿದ. ಬ್ರಾಡ್ ಸ್ಟ್ರೀಟಿನ ಪಂಪೇ ಮೂಲ ಎಂಬ ಅವನ ವಾದವನ್ನು ಮೊದಲು ನಂಬದ ಪಾದ್ರಿ ಹೆನ್ರಿ ವೈಟ್‌ಹೆಡ್ ತಾನೇ ವಿಚಾರಣೆಗೆ ಇಳಿದು, ಕೊನೆಗೆ ಅದನ್ನೇ ಎತ್ತಿಹಿಡಿದ. ಬೀದಿಯ ಜನರೆಲ್ಲ ಅವನಿಗೆ ಪರಿಚಿತರು. ವೈದ್ಯನಿಗೆ ಸಿಗದ ಸುಳಿವುಗಳು ಅವನಿಗೆ ಸಿಕ್ಕವು. ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡು ಹೊಕ್ಕು ರಕ್ತ, ಉಣುಗು, ಮಂಗದ ಹೆಣಗಳನ್ನು ಪರೀಕ್ಷಿಸಿ ಹೊಸ ವೈರಸ್ಸನ್ನು ಗುರುತಿಸಿದರು. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ. ಅಮೆರಿಕದಲ್ಲಿ ಸಾಂಕ್ರಾಮಿಕ ರೋಗಗಳ ಬೆನ್ನು ಹತ್ತಲು 1951ರಲ್ಲಿ ಶುರುವಾದ ತಜ್ಞರ ಪಡೆಯ ಲಾಂಛನವೇ ತೂತು ಬಿದ್ದ ಬೂಟಿನ ಅಟ್ಟೆ. ‘ದೇಶ ಸುತ್ತು, ಕೋಶ ಓದು’ ಎಂದ ನಮ್ಮ ಹಿರಿಯರೂ ಸುತ್ತುವುದನ್ನೇ ಮೊದಲು ಹೇಳಿದ್ದಾರೆ.

ಹಾಗೆಂದು ಕೋಶವನ್ನು ಮೂಲೆಗೆಸೆಯಬೇಕಿಲ್ಲ. ಸಂಖ್ಯಾಶಾಸ್ತ್ರ ಬಾರದವನು ಹತ್ತು ಮನೆ ನೋಡಿ ಇಡೀ ತಾಲ್ಲೂಕಿಗೆ ತೀರ್ಪು ಕೊಟ್ಟುಬಿಡುತ್ತಾನೆ. ಕಂಪ್ಯೂಟರಿನ ಮುಂದೆ ಕಲಿಯುವುದೂ ಬಹಳವಿದೆ. ಆದರೆ ಅಂಕಿ ಎಲ್ಲಿಂದ ಬಂತು, ಅದನ್ನು ಬರೆದುಕೊಂಡ ಕೈ ಯಾವುದು, ಬಾಗಿಲು ತೆಗೆದು ನೋಡಿದವರು ಇದ್ದರೇ ಎಂದು ಕೇಳುವ ಅಭ್ಯಾಸ ಕುಳಿತಲ್ಲಿ ಬರುವುದಿಲ್ಲ.

ಕ್ಷೇತ್ರಕ್ಕೆ ಹೊರಡುವ ವಿದ್ಯಾರ್ಥಿಗಳು ಕೆಲವು ಸಂಗತಿ ನೆನಪಿಡುವುದು ಒಳ್ಳೆಯದು. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಕೊನೆಯ ಗಳಿಗೆಯ ಓಡಾಟದಲ್ಲಿ ಅರ್ಧ ಅವಧಿ ಕಳೆದುಹೋಗುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ ಊರಿಗೆ ಬಾಗಿಲಿದ್ದಂತೆ. ಆದರೆ ಅವರ ಕೆಲಸದ ಬಗ್ಗೆಯೇ ಕೇಳುವಾಗ ಅವರೆದುರು ಜನ ಮನಸ್ಸು ಬಿಚ್ಚುವುದಿಲ್ಲ ಎಂಬುದೂ ತಿಳಿದಿರಬೇಕು. ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬಾರದು. ಈಡೇರಿಸಲಾಗದ ಮಾತು ಕೊಡಬಾರದು. ಕಂಡದ್ದನ್ನು ಅದೇ ರಾತ್ರಿ ಬರೆದಿಡಬೇಕು.

ಹೆತ್ತವರ ಆತಂಕವೂ ಅಲ್ಲಗಳೆಯುವಂಥದ್ದಲ್ಲ. ಉಳಿಯುವ ಜಾಗ ಯಾವುದು, ಸಂಜೆ ವಾಪಸಾಗುವ ಬಸ್ಸಿದೆಯೇ, ಆರೋಗ್ಯ ಕೇಂದ್ರದಲ್ಲಿ ಜವಾಬ್ದಾರರು ಯಾರು ಎಂದು ಕಾಲೇಜನ್ನು ಕೇಳುವ ಹಕ್ಕು ಅವರಿಗಿದೆ, ಕೇಳಲೇಬೇಕು. ಒಮ್ಮೆ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು. ಮುಂದೆ ಸರ್ಕಾರದ ಆರೋಗ್ಯ ಯೋಜನೆಯಿರಲಿ, ಸ್ವಯಂಸೇವಾ ಸಂಸ್ಥೆಯಿರಲಿ, ಸಂಶೋಧನೆಯಿರಲಿ, ಮಕ್ಕಳಿಗೆ ಅನ್ನ ಕೊಡುವುದು ಇಲ್ಲಿ ಪಳಗಿದ ಕಣ್ಣು ಮತ್ತು ಕಿವಿ.

ಎಂಟನೆಯ ವಾರ ಆ ವಿದ್ಯಾರ್ಥಿನಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ತಾನು ಕೇಳಿದ್ದನ್ನು ಹದಿನೈದು ನಿಮಿಷ ಹೇಳಿದಳು. ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ತಿನ್ನಲು ಹೇಳುವುದು, ಮಲ ಕಪ್ಪಾಗುತ್ತದೆಂದು ಮೊದಲೇ ತಿಳಿಸುವುದು, ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಗೊತ್ತುಮಾಡುವುದು – ಮೂರೇ ಮಾತು, ಯಾವುದಕ್ಕೂ ಖರ್ಚಿಲ್ಲ. ಅವರಲ್ಲಿ ಹಿರಿಯರೊಬ್ಬರು, ‘ಇದು ನಮಗೂ ಗೊತ್ತಿತ್ತು, ಕೇಳಿದವರಿರಲಿಲ್ಲ’ ಎಂದರು. ಅವಳು ಆ ಮಾತನ್ನೂ ಬರೆದುಕೊಂಡಳು. ಊರಿಗೆ ಬಂದಮೇಲೆ ಕಿರುಪ್ರಬಂಧದ ಶೀರ್ಷಿಕೆ ಬದಲಿಸಲು ಮಾರ್ಗದರ್ಶಕರ ಒಪ್ಪಿಗೆ ಕೇಳಿ ಅರ್ಜಿ ಕೊಟ್ಟಳು.