ಕಡಲ ಮೇಲಣ ಕೇರಿ

ಮಲೇಶಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದ ನಾವು, ಬೋರ್ನಿಯೋ ದ್ವೀಪದ ಸೆಂಪೋರ್ನಾ ಎಂಬ ರೇವುಪಟ್ಟಣದಿಂದ ದೋಣಿಯೇರಿ, ಬಜಾವು ಜನರ ಕೇರಿಯನ್ನು ನೋಡಲು ಹೊರಟೆವು. ಅದೇ ಕುಲದ ತರುಣನೊಬ್ಬನು ಮಾರ್ಗದರ್ಶಕನಾಗಿದ್ದನು. ತಿಳಿನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಹಲಗೆಯ ಮನೆಗಳು, ಅಂಗಳವೆಲ್ಲ ಸಮುದ್ರವೇ. ಇವರ ಹಿರಿಯರು 'ಲೇಪಾ' ಎಂಬ ನೌಕೆಯಲ್ಲಿಯೇ ಹುಟ್ಟಿ, ಅದರಲ್ಲಿಯೇ ಸಂಸಾರ ನಡಸಿದವರು. ನೀರಿನಲ್ಲಿ ಮುಳುಗಿ ಬೇಟೆಯಾಡುವುದರಲ್ಲಿ ನಿಪುಣರು. ಇಂಡೊನೇಶಿಯಾದ ಬಜಾವು ಜನರಲ್ಲಿ, ಉಸಿರು ಹಿಡಿಯಲು ನೆರವಾಗುವ ಗುಲ್ಮವು ನೆರೆಯವರದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದೆಂದು ವಿಜ್ಞಾನಿಗಳು 2018ರಲ್ಲಿ ತೋರಿಸಿದರು.

ಎಳೆಯ ಹುಡುಗನೊಬ್ಬನು ಹುಟ್ಟು ಹಾಕುತ್ತ ಬಂದನು. "ನಾಮ?" ಎಂದೆವು, ಮಲಯ ಭಾಷೆಯಲ್ಲಿಯೂ ಹೆಸರಿಗೆ ಅದೇ ಶಬ್ದ. ಅವನು ನಕ್ಕು ಹೇಳಿದನು. ಯಾವ ಶಾಲೆಯೆಂದು ವಿಚಾರಿಸಲು ಮಾರ್ಗದರ್ಶಕನು, "ನಾಮವುಂಟು, ಗುರುಗಳೇ, ಆದರೆ ಯಾವ ದೇಶದ ದಫ್ತರದಲ್ಲಿಯೂ ಇಲ್ಲ. ಕಾಗದವಿಲ್ಲದವರಿಗೆ ಸರಕಾರದ ಶಾಲೆಯಿಲ್ಲ" ಎಂದನು. 2024ರ ಜೂನಿನಲ್ಲಿ ಈ ಸೀಮೆಯ ಇಂತಹ ಎಷ್ಟೋ ಮನೆಗಳನ್ನು ಅಧಿಕಾರಿಗಳು ಕೆಡವಿದರೆಂದೂ ತಿಳಿಸಿದನು.

ಮೂವತ್ತು ವರ್ಷ ಹಾಜರಿಪಟ್ಟಿ ಹಿಡಿದು ಹೆಸರು ಕೂಗಿದವರು ನಾವು. ಹೆಸರು ಕೇಳಿದೊಡನೆ ಎದ್ದುನಿಂತು "ಹಾಜರ್" ಎನ್ನುವುದು ಎಷ್ಟು ದೊಡ್ಡ ಭಾಗ್ಯವೆಂಬುದು ಆ ದೋಣಿಯಲ್ಲಿ ಮನವರಿಕೆಯಾಯಿತು. ವಾಚಕರೇ, ನಿಮ್ಮ ಮಕ್ಕಳ ಜನನಪತ್ರವು ಪೆಟ್ಟಿಗೆಯಲ್ಲಿದ್ದರೆ, ಅದನ್ನು ಬರಿಯ ಕಾಗದವೆಂದೆಣಿಸಬೇಡಿರಿ.