ಎರಡನೇ ಬಾಣಂತನ

ಮೊದಲ ಮಗು ಹುಟ್ಟಿದ್ದು 2018ರ ಜೂನ್‌ನಲ್ಲಿ, ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ರಾತ್ರಿಯೆಲ್ಲ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದರು. ಸಿಸೇರಿಯನ್ ಆಯಿತು. ಹೆಣ್ಣು ಮಗು. ಅವಳು ನನ್ನ ಕೈಗೆ ಬಂದದ್ದು ಸಂಜೆ. ಅಷ್ಟರಲ್ಲಿ ಬಾಟಲಿಯಲ್ಲಿ ಪುಡಿ ಹಾಲು ಕುಡಿಸಿ ಆಗಿತ್ತು.

ನನ್ನ ತೊಟ್ಟುಗಳು ಚಪ್ಪಟೆ. ಅದು ಹಾಲೂಡಿಸುವಾಗ ತೊಂದರೆ ಕೊಡಬಹುದು ಎಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳೂ ಹೊಟ್ಟೆ ನೋಡಿದರು, ಬಿ.ಪಿ. ನೋಡಿದರು, ಎದೆ ನೋಡಲಿಲ್ಲ. ನರ್ಸ್ ಒಬ್ಬರು ಮಗುವಿನ ತಲೆ ಹಿಡಿದು ಎದೆಗೆ ಒತ್ತಿದರು. ಮಗು ಕಿರುಚಿ ಹಿಂದಕ್ಕೆ ಎಳೆದುಕೊಂಡಿತು. 'ಇನ್ನೂ ಹಾಲು ಇಳಿದಿಲ್ಲ ಬಿಡಿ' ಎಂದು ಮತ್ತೆ ಬಾಟಲಿ ತಂದರು. ರಾತ್ರಿ ಪಾಳಿಯ ಆಯಾ ಮಾತ್ರ ಪಕ್ಕದಲ್ಲಿ ಕೂತರು. ಬೆನ್ನಿಗೆ ದಿಂಬು ಕೊಟ್ಟರು. ಮಗುವಿನ ಕಾಲು ನನ್ನ ಹೊಲಿಗೆಗೆ ತಾಗದ ಹಾಗೆ ಹಿಡಿದುಕೊಂಡರು. ಆ ರಾತ್ರಿ ಮಗು ಸ್ವಲ್ಪ ಹೊತ್ತು ಕುಡಿಯಿತು.

ಬಾಣಂತನ ತವರಿನಲ್ಲಿ, ಕೆಂಗೇರಿ ಉಪನಗರದಲ್ಲಿ. ಅಮ್ಮ ತನಗೆ ತನ್ನ ಅಮ್ಮ ಮಾಡಿದ ಹಾಗೇ ಮಾಡಿದಳು. ಎಣ್ಣೆ, ಬಿಸಿ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಕುಡಿಯಲು ಮಾತ್ರ ನೀರು ಕಡಿಮೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಎಂದಳು. ನನಗೆ ಬಾಯಿ ಒಣಗುತ್ತಿತ್ತು. ಸ್ನಾನದ ಮನೆಯಲ್ಲಿ ನಲ್ಲಿ ನೀರು ಕುಡಿದಿದ್ದೇನೆ.

ತೊಟ್ಟು ಬಿರುಕು ಬಿಟ್ಟಿತು. ಮಗು ಬಾಯಿ ಹಾಕಿದಾಗ ಕಾಲ್ಬೆರಳು ಮುದುಡಿಕೊಳ್ಳುತ್ತಿದ್ದವು. ಒಂದು ಬೆಳಿಗ್ಗೆ ಮಗು ಕಕ್ಕಿದ ಹಾಲಿನಲ್ಲಿ ರಕ್ತ ಕಂಡಿತು. ಅಮ್ಮ ಕೂಗಿಕೊಂಡಳು. ಅದು ಮಗುವಿನ ರಕ್ತ ಅಲ್ಲ, ನನ್ನದು, ಬಿರುಕಿನಿಂದ ಬಂದದ್ದು ಎಂದು ಮಕ್ಕಳ ಡಾಕ್ಟರು ಹೇಳಿದರು. ಅಷ್ಟು ಸಮಾಧಾನ ಆಯಿತು. ಆದರೆ ಅವರು ತೂಕ ನೋಡಿ ಸುಮ್ಮನಾದರು. ಮಗು ತುಂಬಾ ನಿದ್ದೆ ಮಾಡುತ್ತಿತ್ತು. ಒಳ್ಳೆ ಮಗು, ಅಳೋದೇ ಇಲ್ಲ ಎಂದು ನೋಡಲು ಬಂದವರೆಲ್ಲ ಹೇಳುತ್ತಿದ್ದರು. ಡಯಾಪರಿನಲ್ಲಿ ಇಟ್ಟಿಗೆ ಪುಡಿಯಂಥ ಕಲೆ ಬಿದ್ದಿತ್ತು. ಮೈಯಲ್ಲಿ ನೀರಿನಂಶ ಕಡಿಮೆಯಾದಾಗಲೂ ಅದು ಹೀಗೆ ಬೀಳುತ್ತದೆ ಎಂದರು. ಕಾಮಾಲೆಯೂ ಇತ್ತು. ಅಡ್ಮಿಟ್ ಮಾಡಿ ನೀಲಿ ದೀಪದ ಕೆಳಗೆ ಇಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿದ್ದರು. ನಾನು ಗಾಜಿನ ಆಚೆ ಕುರ್ಚಿ ಮೇಲೆ ಕೂತಿದ್ದೆ. ಎದೆ ಸೋರಿ ನೈಟಿ ಒದ್ದೆಯಾಗುತ್ತಿತ್ತು. ಅದನ್ನು ಹಿಂಡಿ ತೆಗೆದು ಮಗುವಿಗೆ ಕೊಡಬಹುದು ಎಂದು ಯಾರೂ ಹೇಳಲಿಲ್ಲ. ನನಗೂ ಕೇಳಲು ತೋಚಲಿಲ್ಲ.

ಮನೆಗೆ ಬಂದ ಮೇಲೆ ಚಳಿ ಜ್ವರ. ಎಡ ಎದೆ ಕೆಂಪಾಗಿ ಗಟ್ಟಿಯಾಯಿತು. ಎದೆ ಹಾಲಿಗೆ ದೃಷ್ಟಿಯಾಗಿದೆ ಎಂದು ಪಕ್ಕದ ಮನೆಯವರು ಮೆಣಸಿನಕಾಯಿ ನೀವಾಳಿಸಿದರು. ಮಾರನೇ ದಿನ ಆಟೊದಲ್ಲಿ ಮೈಸೂರು ರಸ್ತೆಯಲ್ಲಿ ಹೊರಟೆವು. ನಾಯಂಡಹಳ್ಳಿ ಹತ್ತಿರ ಟ್ರಾಫಿಕ್ ಕದಲಲಿಲ್ಲ. ಗುಂಡಿ ಬಂದಾಗೆಲ್ಲ ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಳಗೆ ಕೀವು ಕಟ್ಟಿತ್ತು. ಕೊಯ್ದು ತೆಗೆದರು. ಆಮೇಲೆ ದಿನವೂ ಡ್ರೆಸಿಂಗ್. ಗಾಯದೊಳಗೆ ತುರುಕಿದ ಗಾಜ್ ಬಟ್ಟೆ ಎಳೆದು ಹೊಸದು ತುಂಬುತ್ತಿದ್ದರು. ಸಿಸೇರಿಯನ್ ನೋವು ಇದಕ್ಕಿಂತ ಕಡಿಮೆ ಇತ್ತು.

ಹಾಲೂಡಿಸಬೇಡಿ ಎಂದು ಅಲ್ಲಿ ಹೇಳಿದರು. ಹಾಲು ನಿಲ್ಲಿಸುವ ಮಾತ್ರೆ ಕೊಟ್ಟರು. ಬಲಗಡೆಯಿಂದ ಮುಂದುವರಿಸಬಹುದಿತ್ತು ಎಂದು ಗೊತ್ತಾಗಿದ್ದು ವರ್ಷಗಳ ಮೇಲೆ. ರಾತ್ರಿ ನನ್ನ ಗಂಡ ಎದ್ದು ಪುಡಿ ಹಾಲು ಕಲಸುತ್ತಿದ್ದರು. ನಾನು ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದೆ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಡಬ್ಬಿಯ ಮೇಲೆ ಬರೆಯಲೇಬೇಕು, ಮಗುವಿನ ಚಿತ್ರ ಹಾಕಬಾರದು. ಅದು 1992ರ ಕಾನೂನು. ಒಳ್ಳೆಯ ಕಾನೂನೇ. ಆದರೂ ಆ ಸಾಲು ಓದುವುದು ನನಗೆ ಕಷ್ಟವಾಗುತ್ತಿತ್ತು. ಮಗಳು ಪುಡಿ ಹಾಲಿನಲ್ಲೇ ಬೆಳೆದಳು. ತೂಕ ಹಾಕಿಕೊಂಡಳು, ಆರೋಗ್ಯವಾಗಿದ್ದಳು. ಇದನ್ನೂ ಹೇಳಬೇಕು.

2022ರಲ್ಲಿ ಮತ್ತೆ ಗರ್ಭಿಣಿಯಾದೆ. ಆಗ ನಾವು ಬಸವೇಶ್ವರನಗರದಲ್ಲಿದ್ದೆವು. ಹೆರಿಗೆಯ ಹೆದರಿಕೆ ಇರಲಿಲ್ಲ. ಆಮೇಲಿನದರ ಹೆದರಿಕೆ ಇತ್ತು. ಎದೆಗೆ ಸೋಪು ಹಚ್ಚುವಾಗ ಎಡಗಡೆಯ ಕಲೆ ತಪ್ಪಿಸಿ ಹಚ್ಚುತ್ತಿದ್ದೆ. ಆಗಸ್ಟ್ ಮೊದಲ ವಾರ ವಿಶ್ವ ಸ್ತನ್ಯಪಾನ ಸಪ್ತಾಹ. ಆಸ್ಪತ್ರೆಯ ಗೋಡೆ ತುಂಬಾ ನಗುವ ತಾಯಂದಿರ ಪೋಸ್ಟರ್. ಆ ಚಿತ್ರಗಳಲ್ಲಿ ಯಾರಿಗೂ ನೋವಿಲ್ಲ. ನನಗೆ ಅವು ಉಪಯೋಗಕ್ಕೆ ಬರಲಿಲ್ಲ.

ಈ ಸಲದ ಡಾಕ್ಟರಿಗೆ ಹಿಂದಿನದನ್ನೆಲ್ಲ ಹೇಳಿದೆ. ಹೇಳುವಾಗ ಅಳು ಬಂತು. ಅವರು ಕಾದರು. ಆಮೇಲೆ ಎದೆ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿಸಿದರು. ಕೊಯ್ದ ಜಾಗದಲ್ಲಿ ಹಾಲಿನ ಕೆಲವು ನಾಳ ಕತ್ತರಿಸಿರಬಹುದು, ಎಡಗಡೆ ಹಾಲು ಕಡಿಮೆ ಬರಬಹುದು ಎಂದರು. ಬಲಗಡೆ ಏನೂ ಆಗಿಲ್ಲ ಎಂದರು. ಎಲ್ಲ ಸರಿಹೋಗುತ್ತೆ ಅನ್ನುವುದಕ್ಕಿಂತ ಈ ಮಾತು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಸಕ್ಕರೆ ಬಂತು. ತಾಯಿಗೆ ಸಕ್ಕರೆ ಇದ್ದರೆ ಹಾಲು ಇಳಿಯುವುದು ತಡವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಇಳಿಯಬಹುದು. ಆಗ ಪುಡಿ ಹಾಲು ಕೊಟ್ಟುಬಿಡುತ್ತಾರೆ. ಅದಕ್ಕೆ ಒಂದು ದಾರಿ ಇದೆ ಎಂದು ಡಾಕ್ಟರು ಒಬ್ಬ ಲ್ಯಾಕ್ಟೇಶನ್ ಕೌನ್ಸೆಲರ್ ಹತ್ತಿರ ಕಳಿಸಿದರು. ಹೆರಿಗೆಗೆ ಮೊದಲೇ ಗಿಣ್ಣುಹಾಲನ್ನು ಕೈಯಿಂದ ಹಿಂಡಿ ಇಟ್ಟುಕೊಳ್ಳುವುದು. ಆಸ್ಟ್ರೇಲಿಯಾದಲ್ಲಿ ಸಕ್ಕರೆ ಇದ್ದ, ಬೇರೆ ತೊಂದರೆ ಇಲ್ಲದ ಗರ್ಭಿಣಿಯರಲ್ಲಿ ಇದನ್ನು ಪರೀಕ್ಷಿಸಿ, ಅಪಾಯವಿಲ್ಲ ಎಂದು 2017ರಲ್ಲಿ ವರದಿ ಮಾಡಿದ್ದಾರೆ. ಹಾಗಂತ ಎಲ್ಲರೂ ಮಾಡುವಂತಿಲ್ಲ. ಅವಧಿಗೆ ಮೊದಲೇ ನೋವು ಬರುವ ಸಂಭವ ಇದ್ದವರಿಗೆ ಬೇಡ ಎನ್ನುತ್ತಾರೆ. ನನಗೆ ಡಾಕ್ಟರು ಒಪ್ಪಿದ ಮೇಲೆ, ದಿನ ತುಂಬುತ್ತಾ ಬಂದಾಗ ಶುರು ಮಾಡಿದೆ.

ಮೊದಲ ದಿನ ಕೈ ನಡುಗಿತು. ಹೆಬ್ಬೆರಳನ್ನು ಕಪ್ಪು ಭಾಗದ ಅಂಚಿಗೆ ಇಟ್ಟು ಎದೆಯ ಕಡೆಗೆ ಒತ್ತಬೇಕು, ಆಮೇಲೆ ಹಿಂಡಬೇಕು. ಏನೂ ಬರಲಿಲ್ಲ. ಕೆಲವು ದಿನದ ಮೇಲೆ ಬಲಗಡೆ ಹಳದಿ ಹನಿ ಬಂತು. ಗಂಡ ಸಿರಿಂಜಿನಿಂದ ಹೀರಿಕೊಂಡರು. ತಾರೀಖು ಬರೆದು ಫ್ರೀಜರಿನಲ್ಲಿಟ್ಟೆವು, ಬಟಾಣಿ ಪ್ಯಾಕೆಟ್ಟಿನ ಪಕ್ಕ. ತುಂಬಾ ಕಡಿಮೆ ಇತ್ತು. ಸಾಕು, ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದೇ ಚಮಚದಷ್ಟು ಎಂದರು ಕೌನ್ಸೆಲರ್. ಚಪ್ಪಟೆ ತೊಟ್ಟಿಗೂ ಅವರೇ ಉಪಾಯ ತೋರಿಸಿದರು. ಹತ್ತು ಎಂ.ಎಲ್. ಸಿರಿಂಜಿನ ಮೂತಿ ಕತ್ತರಿಸಿ, ಆ ಕಡೆಯಿಂದ ಪಿಸ್ಟನ್ ಹಾಕಿ, ನುಣುಪಾದ ಬಾಯನ್ನು ತೊಟ್ಟಿಗಿಟ್ಟು ಮೆಲ್ಲಗೆ ಎಳೆಯುವುದು. ಹೆರಿಗೆ ಆದ ಮೇಲೆ, ಹಾಲು ಕೊಡುವ ಮುಂಚೆ ಮಾಡಬೇಕು. ಇಷ್ಟು ಅಗ್ಗದ ಉಪಾಯವನ್ನು ಮೊದಲ ಸಲ ಯಾರಾದರೂ ತೋರಿಸಬಹುದಿತ್ತು.

ಉಳಿದದ್ದು ಅಮ್ಮನ ಜೊತೆಗಿನ ಮಾತು. ಅದನ್ನು ಮುಂದಕ್ಕೆ ಹಾಕುತ್ತಲೇ ಇದ್ದೆ. ಒಂದು ಭಾನುವಾರ ಕೆಂಗೇರಿಗೆ ಹೋಗಿ ಅಡುಗೆಮನೆಯಲ್ಲೇ ಹೇಳಿದೆ.

'ಅಮ್ಮ, ಈ ಸಲ ನೀರು ಬೇಡ ಅನ್ನಬೇಡ.'

'ನೀನು ಹುಟ್ಟಿದಾಗ ನಂಗೆ ದಿನಕ್ಕೆ ಎರಡು ಲೋಟ ಕೊಟ್ರು. ನಿಂಗೆ ಹಾಲು ಕಮ್ಮಿ ಆಯ್ತಾ?'

'ನಂಗೆ ಬಾಯಾರಿಕೆ ಆಗ್ತಿತ್ತು ಅಮ್ಮ. ನಾನು ಬಚ್ಚಲಲ್ಲಿ ನೀರು ಕುಡೀತಿದ್ದೆ.'

ಅವಳಿಗೆ ಅದು ಗೊತ್ತಿರಲಿಲ್ಲ. ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಆಮೇಲೆ ನನ್ನ ಜೊತೆ ಡಾಕ್ಟರ ಹತ್ತಿರ ಬಂದಳು. ನೀರು ಹೆಚ್ಚು ಕುಡಿದರೆ ಹಾಲು ಹೆಚ್ಚಾಗಲ್ಲಮ್ಮ, ಆದರೆ ಬಾಯಾರಿದಾಗ ಬೇಡ ಅನ್ನಬಾರದು ಎಂದರು ಅವರು. ತಣ್ಣೀರು ಕೊಡಲ್ಲ, ಜೀರಿಗೆ ಹಾಕಿ ಕುದಿಸಿ ಕೊಡ್ತೀನಿ ಎಂದಳು ಅಮ್ಮ. ಒಪ್ಪಿದೆ.

ಗಂಡನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಹುಟ್ಟಿದ ತೂಕದಲ್ಲಿ ಶೇ. 10ರ ಹತ್ತಿರ ಇಳಿದರೆ, ಅಥವಾ ಹಾಲು ಇಳಿಯುವ ದಿನಗಳು ಕಳೆದ ಮೇಲೂ ದಿನಕ್ಕೆ ಆರು ಸಲ ಮೂತ್ರ ಮಾಡದಿದ್ದರೆ, ಡಾಕ್ಟರಿಗೆ ತೋರಿಸಿ ಮೇಲುಹಾಲು ಕೊಡುವುದು. ಆಗ ಚರ್ಚೆ ಇಲ್ಲ. ಕೊಟ್ಟರೂ ಬಾಟಲಿ ಬೇಡ, ಒಳಲೆಯಲ್ಲಿ ಕೊಡುವುದು. ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಕೊನೆಯ ಸಾಲು ಅವರು ಬರೆದರು: ನಿನಗೆ ಸಾಕು ಅನ್ನಿಸಿದರೆ ನಿಲ್ಲಿಸಬಹುದು. ಹಾಳೆಯನ್ನು ತಾಯಿ ಕಾರ್ಡಿನ ಜೊತೆ ಫೈಲಿನಲ್ಲಿಟ್ಟೆವು.

ನವೆಂಬರಿನಲ್ಲಿ ಸಿಸೇರಿಯನ್. ಗಂಡು ಮಗು. ಥಿಯೇಟರಿನಿಂದ ಹೊರಗೆ ತಂದ ಸ್ವಲ್ಪ ಹೊತ್ತಿಗೇ ಬರಿಮೈ ಮಗುವನ್ನು ಎದೆ ಮೇಲೆ ಮಲಗಿಸಿದರು. ಅವನು ಬಾಯಿ ತೆರೆದಾಗ ನನ್ನ ಮೈ ಬಿಗಿಯಿತು. ಹೆದರಿಕೆ ಹೋಗಿರಲಿಲ್ಲ. ಮಗುವನ್ನು ಕಂಕುಳಲ್ಲಿ ಸೇರಿಸಿ ಹಿಡಿಯುವುದನ್ನು ಕೌನ್ಸೆಲರ್ ಕಲಿಸಿದ್ದರು. ಹೊಟ್ಟೆಯ ಹೊಲಿಗೆಗೆ ಭಾರ ಬೀಳಲಿಲ್ಲ. ಬಲಗಡೆ ಹಿಡಿದ. ನೋಯಿತು, ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು. ಮೊದಲ ಸಲ ನೋವು ಕಡಿಮೆಯಾಗುತ್ತಲೇ ಇರಲಿಲ್ಲ.

ಅವನ ಸಕ್ಕರೆ ಕಡಿಮೆ ಬಂತು. ಗಂಡ ಮನೆಯಿಂದ ಐಸ್ ಡಬ್ಬಿಯಲ್ಲಿ ತಂದಿದ್ದ ಸಿರಿಂಜುಗಳನ್ನು ಕೊಟ್ಟರು. ನರ್ಸ್ ಒಳಲೆಗೆ ಹಾಕಿ ಕುಡಿಸಿದರು. ಮತ್ತೆ ನೋಡಿದಾಗ ಸಕ್ಕರೆ ಏರಿತ್ತು.

ಎದೆ ತುಂಬಿಕೊಂಡ ರಾತ್ರಿ ಕೆಟ್ಟದಾಗಿತ್ತು. ಎಡಗಡೆ ಬಿಸಿಯಾಗಿ ಗಟ್ಟಿಯಾಯಿತು. ಮತ್ತೆ ಕೊಯ್ಯುತ್ತಾರೆ ಎಂದೇ ಅನ್ನಿಸಿತು. ಥರ್ಮಾಮೀಟರನ್ನು ಮತ್ತೆ ಮತ್ತೆ ಇಟ್ಟುಕೊಂಡೆ. ಜ್ವರ ಇರಲಿಲ್ಲ. ತಣ್ಣನೆ ಬಟ್ಟೆ ಇಟ್ಟು, ನೋವು ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಿದೆ. ಈ ಸಲವೂ ಬಾಣಂತನ ತವರಿನಲ್ಲೇ. ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂದಿತ್ತು. ಬೆಳಿಗ್ಗೆ ಕೌನ್ಸೆಲರ್ ಅದರಲ್ಲಿ ಮನೆಗೇ ಬಂದು ನೋಡಿದರು. ಕಲೆಯ ಕೆಳಗೆ ಹಾಲು ಹೊರಗೆ ಬರಲು ದಾರಿಯಿಲ್ಲ, ಆ ಭಾಗ ತಾನೇ ಬತ್ತುತ್ತದೆ ಎಂದರು. ಹಾಗೇ ಆಯಿತು.

ಮಗುವಿನ ತೂಕ ಹಾಳೆಯಲ್ಲಿ ಬರೆದ ಗೆರೆಯ ಹತ್ತಿರ ಬಂತು. ಡಾಕ್ಟರನ್ನು ಕೇಳಿ ಪುಡಿ ಹಾಲು ಶುರು ಮಾಡಿದೆವು. ಯಾರೂ ಮಾತಾಡಲಿಲ್ಲ. ಅಮ್ಮ ಒಳಲೆ ಕುದಿಸಿ ಕೊಟ್ಟಳು. ಆಮೇಲೆ ಮೇಲುಹಾಲು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬರೀ ಎದೆ ಹಾಲಾ ಎಂದು ಬಂದವರು ಕೇಳುತ್ತಿದ್ದರು. ಎರಡೂ ಎನ್ನುತ್ತಿದ್ದೆ.

ರಜೆ 26 ವಾರ. 2017ರ ತಿದ್ದುಪಡಿಯಿಂದ ಬಂದದ್ದು, ಮೊದಲ ಎರಡು ಹೆರಿಗೆಗೆ. ಮುಗಿದ ಮೇಲೆ ರಾಜಾಜಿನಗರ ಕೈಗಾರಿಕಾ ಪ್ರದೇಶದ ನಮ್ಮ ಲೆಕ್ಕಪತ್ರದ ಆಫೀಸಿಗೆ ಹೋದೆ. ಹಳೇ ಫೈಲುಗಳ ಕೋಣೆಗೆ ಒಳಗಿನಿಂದ ಚಿಲಕ ಇರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಬಲಗಡೆಯಿಂದ ಹಿಂಡಿ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡುತ್ತಿದ್ದೆ. ಎಡಗಡೆ ಆ ಹೊತ್ತಿಗೆ ನಿಂತೇಹೋಗಿತ್ತು. ಹಗಲು ಅತ್ತೆ ಒಳಲೆಯಲ್ಲಿ, ಆಮೇಲೆ ಲೋಟದಲ್ಲಿ ಕುಡಿಸುತ್ತಿದ್ದರು. ರಾತ್ರಿ ನಾನು. ಒಂದು ವರ್ಷ ದಾಟಿದ ಮೇಲೆ ಅವನೇ ಬಿಟ್ಟ.