ಕಾರೈಕುಡಿಯ ಬಾಗಿಲುಗಳ ಬೀದಿ

ತಿರುಚಿರಾಪಳ್ಳಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ದೂರದ ಕಾರೈಕುಡಿಗೆ ಬರುವ ಪ್ರವಾಸಿಗಳಲ್ಲಿ ಎರಡು ಬಗೆಯುಂಟು. ಕೆಲವರು ಚೆಟ್ಟಿನಾಡಿನ ಖಾರದೂಟವನ್ನು ನೆನೆದು ಬರುವರು. ಇನ್ನು ಕೆಲವರ ಕೈಯಲ್ಲಿ ಅಳತೆಯ ಟೇಪೂ ಹೊಸ ಮನೆಯ ನಕ್ಷೆಯೂ ಇರುತ್ತವೆ. ಚೆನ್ನೈಯಿಂದಲೋ ಬೆಂಗಳೂರಿನಿಂದಲೋ ಬಂದಿಳಿದ ಈ ಎರಡನೆಯವರು ಊಟದ ಯೋಚನೆಗೂ ಮುನ್ನ ಮುನೀಶ್ವರನ್ ಕೋವಿಲ್ ಬೀದಿಯ ದಾರಿ ಕೇಳುತ್ತಾರೆ.

ಆ ಬೀದಿಯ ಅಂಗಡಿಗಳು ಹೊರನೋಟಕ್ಕೆ ಚೆಲುವಾದುವೇನಲ್ಲ. ಹಿತ್ತಾಳೆಯ ಕೊಡ, ಪಿಂಗಾಣಿ ಜಾಡಿ, ನಿಂತುಹೋದ ಗಡಿಯಾರ, ರವಿವರ್ಮನ ಅಚ್ಚಿನ ಚಿತ್ರ ಎಲ್ಲವೂ ಒಂದರ ಮೇಲೊಂದು ಪೇರಿಸಿಟ್ಟಿರುತ್ತವೆ. ಇವನ್ನು ದಾಟಿ ಒಳಹೊಕ್ಕವನಿಗೆ ಕಾಣುವುದು ಬೇರೊಂದು ಲೋಕ. ಗೋಡೆಗೊರಗಿದ ಬಾಗಿಲುಗಳು, ನೆಲದ ಮೇಲೆ ಮಲಗಿದ ಕಂಬಗಳು, ಬೋದಿಗೆಗಳು, ಗಜಲಕ್ಷ್ಮಿಯನ್ನು ಕೆತ್ತಿದ ದ್ವಾರಬಂಧಗಳು. ಹೆಚ್ಚಿನವು ಬರ್ಮಾ ತೇಗದ ಮರದವು.

ಈ ಮರದ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ನಾಟ್ಟುಕೋಟ್ಟೈ ಚೆಟ್ಟಿಯಾರರು ಬರ್ಮಾ, ಸಿಲೋನ್, ಮಲಯಗಳಲ್ಲಿ ಲೇವಾದೇವಿ ನಡೆಸಿ ಗಳಿಸಿದ ಹಣದಿಂದ, 19ನೆಯ ಶತಮಾನದ ಉತ್ತರಾರ್ಧದಿಂದ 1940ರ ದಶಕದವರೆಗೆ ತಮ್ಮ ಊರುಗಳಲ್ಲಿ ಅರಮನೆಗಳಂಥ ಮನೆಗಳನ್ನು ಕಟ್ಟಿಸಿದರು. ಮುಂಬಾಗಿಲು ಒಂದು ಬೀದಿಗೆ, ಹಿತ್ತಿಲ ಬಾಗಿಲು ಮತ್ತೊಂದು ಬೀದಿಗೆ. ನಡುವೆ ಜಗುಲಿ, ತೊಟ್ಟಿ, ಮದುವೆಯ ಚಾವಡಿ. ತೇಗ ಬರ್ಮಾದಿಂದ ಹಡಗಿನಲ್ಲಿ ಬಂದಿತು, ಅಮೃತಶಿಲೆ ಇಟಲಿಯಿಂದ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನು ಹೊಕ್ಕಿತು. ಅಲ್ಲಿನ ಜಮೀನು, ಸಾಲದ ಬಾಕಿ ಎರಡೂ ಕೈಬಿಟ್ಟುಹೋದವು. ಮನೆಗಳು ಮಾತ್ರ ಉಳಿದವು.

ಉಳಿದ ಮನೆಯೇ ಹೊರೆಯಾದುದು ಅನಂತರದ ಮಾತು. ಒಂದೊಂದು ಮನೆಗೂ ಹತ್ತಾರು ಹಕ್ಕುದಾರರು. ಒಬ್ಬ ಚೆನ್ನೈಯಲ್ಲಿ, ಮತ್ತೊಬ್ಬ ಸಿಂಗಪುರದಲ್ಲಿ. ಹೆಂಚು ಸರಿಸಿ ಸೋರುವುದನ್ನು ನಿಲ್ಲಿಸುವ ಖರ್ಚು ಯಾರದು? ತೊಟ್ಟಿಯನ್ನು ಹನ್ನೆರಡು ಪಾಲು ಮಾಡಲಾಗದು, ಮರ ಮಾರಿದ ಹಣವನ್ನು ಮಾಡಬಹುದು. ಒಪ್ಪಂದವಾದ ಬಳಿಕ ಕೆಲಸಗಾರರು ಬಂದು ಮೊದಲು ಬಾಗಿಲು ಕಿಟಕಿಗಳನ್ನೂ, ಮೇಲಿನ ಭಾರ ಇಳಿಸಿದ ಮೇಲೆ ತೊಲೆ ಕಂಬಗಳನ್ನೂ ಬಿಚ್ಚುತ್ತಾರೆ. 2014ರಿಂದ ಮ್ಯಾನ್ಮಾರ್ ಸರ್ಕಾರ ತೇಗದ ದಿಮ್ಮಿಗಳ ರಫ್ತನ್ನು ನಿಷೇಧಿಸಿದೆ. ಹಳೆಯ ಮರಕ್ಕೆ ಬೆಲೆ ಬರಲು ಇನ್ನೇನು ಬೇಕು!

ಕೊಳ್ಳುವವನಿಗೆ ಇಲ್ಲಿ ಕಣ್ಣಿಗಿಂತ ಬೆರಳುಗುರು ಹೆಚ್ಚು ಉಪಕಾರಿ. ಕಂಬದ ಬುಡವನ್ನು ಮೊದಲು ಒತ್ತಿ ನೋಡಬೇಕು. ತೇವ ಹಿಡಿದು ಕೊಳೆತಿದ್ದರೆ ಅದು ತಿಳಿಯುವುದು ಅಲ್ಲಿಯೇ. ದಟ್ಟವಾದ ಹೊಸ ಬಣ್ಣ ಬಳಿದ ಸರಕನ್ನು ಸಂದೇಹದಿಂದ ಕಾಣುವುದು ಲೇಸು. ಬೇರೆ ಮರಕ್ಕೆ ಮೇಲೆ ತೇಗದ ಬಣ್ಣ ಕೊಟ್ಟಿರಲೂಬಹುದು. ಮರೆಯಾದ ಒಂದು ಮೂಲೆಯಲ್ಲಿ ತುಸು ಕೆರೆದು ನೋಡಲು ವ್ಯಾಪಾರಿ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯುವುದೇ ಸರಿ. ಮರದೊಳಗೆ ಮುರಿದುಳಿದ ಮೊಳೆಗಳು ಗರಗಸದ ಹಲ್ಲನ್ನು ಹಾಳುಮಾಡುವುದರಿಂದ ಬಡಗಿಯನ್ನು ಜೊತೆಗೆ ಕರೆದೊಯ್ದವರು ಜಾಣರು. ಇವೆಲ್ಲಕ್ಕಿಂತ ಮುಖ್ಯವಾದುದು ಅಳತೆ. ಹಳೆಯ ದ್ವಾರಬಂಧ ಇಂದಿನ ಗೋಡೆಯ ದಪ್ಪಕ್ಕೆ ಹೊಂದುವುದು ಅಪರೂಪ. ಗೋಡೆ ಎಬ್ಬಿಸಿದ ಮೇಲೆ ಬಾಗಿಲು ಹುಡುಕುವವರು ಕೊನೆಗೆ ಕೆತ್ತನೆಯನ್ನೇ ಕೊಯ್ಯಿಸುತ್ತಾರೆ. ಬಾಗಿಲು ಕೊಂಡ ಮೇಲೆ ಗೋಡೆ ಎಬ್ಬಿಸುವವರಿಗೆ ಆ ಪಾಪವಿಲ್ಲ.

ಬೀದಿಯಲ್ಲಿ ಸಿಗದ ವಸ್ತುವೂ ಒಂದಿದೆ. ಸುಣ್ಣ, ಮೊಟ್ಟೆಯ ಬಿಳಿ, ಅಳಲೆಕಾಯಿ ಸೇರಿಸಿ ಪದರ ಪದರವಾಗಿ ತೀಡಿದ, ಕನ್ನಡಿಯಂತೆ ಹೊಳೆಯುವ ಆ ಗೋಡೆಯ ಗಾರೆ! ಬೇಸಗೆಯಲ್ಲಿಯೂ ಮುಟ್ಟಿದರೆ ತಣ್ಣಗಿರುವ ಅದು ಕೆಡವಿದೊಡನೆ ಬರಿಯ ಪುಡಿ. ನೆಲದ ಹಾಸುಬಿಲ್ಲೆಗಳನ್ನು ಕಿತ್ತರೂ ಬಹುಪಾಲು ಒಡೆಯುತ್ತವೆ. ಆದರೆ ಸಮೀಪದ ಆತ್ತಂಗುಡಿಯಲ್ಲಿ ಗಾಜಿನ ತಟ್ಟೆಯ ಮೇಲೆ ಬಣ್ಣ ಸುರಿದು, ಮರಳು ಸಿಮೆಂಟು ತುಂಬಿ, ನೀರಿನಲ್ಲಿ ನೆನೆಸಿ ಅಂಥವೇ ಬಿಲ್ಲೆಗಳನ್ನು ಇಂದಿಗೂ ಕೈಯಿಂದಲೇ ಮಾಡುತ್ತಾರೆ. ನೆಲಕ್ಕಾಗಿ ಯಾರ ಮನೆಯನ್ನೂ ಕೆಡವಬೇಕಾಗಿಲ್ಲ.

ಬಾಗಿಲ ವಿಷಯದಲ್ಲಿ ಅಷ್ಟು ನಿಶ್ಚಿಂತೆಯಿಲ್ಲ. ಕುಸಿದ ಮನೆಯ ಬಾಗಿಲನ್ನು ಗೆದ್ದಲಿನಿಂದ ಉಳಿಸುವುದು ಒಂದು. ಬೇಡಿಕೆ ಹೆಚ್ಚಾಯಿತೆಂದು ನಿಂತ ಮನೆಯನ್ನೇ ಬಿಚ್ಚುವುದು ಇನ್ನೊಂದು. ಅಂಗಡಿಯಲ್ಲಿ ಎರಡೂ ಒಂದೇ ಗೋಡೆಗೆ ಒರಗಿ ನಿಂತಿರುತ್ತವೆ. ಯಾವ ಊರಿನದು, ಆ ಮನೆ ಏನಾಯಿತು ಎಂದು ಕೇಳುವ ಗಿರಾಕಿಗಳು ಕಡಿಮೆ. ಕೇಳಿದರೆ ವ್ಯಾಪಾರಿಗೆ ಕೋಪ ಬರುವುದೆಂಬ ಅಂಜಿಕೆ ಬೇಡ. ದೇವಾಲಯದಿಂದ ಬಂದಂತೆ ತೋರುವ ಕೆತ್ತನೆಯನ್ನಂತೂ ಮುಟ್ಟದಿರುವುದೇ ಕ್ಷೇಮ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ತಡೆಯುತ್ತದೆ.

ವ್ಯಾಪಾರ ಕುದುರಿದ ಬಳಿಕ ಬಾಗಿಲನ್ನು ಬಿಚ್ಚಿ ಕಟ್ಟುವ ಕೆಲಸ. ಬಲ್ಲ ಬಡಗಿ ಸೀಮೆಸುಣ್ಣ ಹಿಡಿದು ಪ್ರತಿ ಕೂಡಿಕೆಯ ಎರಡೂ ಕಡೆ ಒಂದೇ ಅಂಕಿ ಬರೆಯುತ್ತಾನೆ. ಗಜಲಕ್ಷ್ಮಿಯ ಮೇಲ್ಪಟ್ಟಿಗೆ ಗೋಣಿ ಸುತ್ತಿ ಲಾರಿಗೆ ಏರಿಸುವುದು ಎಲ್ಲಕ್ಕಿಂತ ಕೊನೆಯಲ್ಲಿ.